ಕೆರೆಯ ದಕ್ಷಿಣ ದಂಡೆ

ಗಂಡನ ಉಗುರಿನ ಸಂದಿಯಲ್ಲಿ ಮತ್ತೆ ಸಿಮೆಂಟ್ ಕಂಡಿತು.

ಅಡುಗೆಮನೆಯ ಎತ್ತರದ ಕಟ್ಟೆಯ ಮುಂದೆ ಮಣೆ ಹತ್ತಿ ನಿಂತು ಚಹಾ ಸೋಸುತ್ತಿದ್ದ ಎಂಜಿನಿಯರಮ್ಮ ಅದನ್ನು ಓರೆಗಣ್ಣಿನಲ್ಲೇ ನೋಡಿದಳು. ಶಾಲೆಯಲ್ಲಿ ಇತಿಹಾಸ ಹೇಳುವ ಮನುಷ್ಯನಿಗೆ ಸಿಮೆಂಟಿನ ಸಹವಾಸವೇಕೆ? ಭಾನುವಾರ ಬಂತೆಂದರೆ ಆಸಾಮಿ ಮಾಯ. ಎಲ್ಲಿಗೆಂದು ಕೇಳಿದರೆ ಹಾರಿಕೆಯ ಉತ್ತರ. ಅವನ ಕಡೆಯಿಂದ ಮಾತ್ರ ತಪ್ಪದೆ ಒಂದೇ ಪ್ರಶ್ನೆ.

"ನಿನ್ನ ಲೈನು ಕೊನೆಗೆ ಯಾವ ಕಡೆಯಿಂದ ಹೋಗುತ್ತೆ?"

"ಮನೆಯಲ್ಲೂ ಅದೇನಾ? ಹಗಲೆಲ್ಲ ತಂತಿ ನೋಡಿ ಸಾಕಾಗಿದೆ. ಇಲ್ಲಿ ಕಿಟಕಿ ತೆಗೆದರೂ ತಂತಿ," ಎಂದು ಅವಳು ಮಾತು ತೇಲಿಸಿದಳು.

ಗುಡ್ಡದಾಚೆಯ ಪಟ್ಟಣಕ್ಕಿದ್ದದ್ದು ಒಂದೇ ಹಳೆಯ ವಿದ್ಯುತ್ ಮಾರ್ಗ. ಗಾಳಿ ಜೋರಾದರೆ ಆಸ್ಪತ್ರೆ ಸಮೇತ ಊರೆಲ್ಲ ಕತ್ತಲು. ಎರಡನೆಯ ಮಾರ್ಗದ ಹಾದಿ ಗೊತ್ತುಮಾಡುವುದು ಅವಳ ಹೊಣೆ. ಎರಡು ಸಲ ಗೊತ್ತುಮಾಡಿದಳು. ಎರಡು ಸಲವೂ ಟವರ್ ನಿಲ್ಲಬೇಕಾದ ಜಾಗದಲ್ಲೇ, ಪರಿಹಾರದ ಆಸೆಗೆ, ಬೆಳಗಾಗುವುದರೊಳಗೆ ಶೆಡ್ಡುಗಳೆದ್ದವು. ಇನ್ನೊಮ್ಮೆ ಹೀಗಾದರೆ ಯೋಜನೆಯೇ ರದ್ದೆಂದು ಮೇಲಿನವರು ಖಡಾಖಂಡಿತವಾಗಿ ಹೇಳಿದ್ದರು.

"ಒಳಗಿನವರೇ ಯಾರೋ ಬಾಯಿ ಬಿಡ್ತಿದ್ದಾರೆ," ಎಂದಳು ಕಚೇರಿಯಲ್ಲಿ.

"ಬಾಯಿ ಯಾಕೆ ಬಿಡಬೇಕು ಮೇಡಂ?" ಎಂದ ಅವಳ ಕೈಕೆಳಗಿನ ಸರ್ವೇಯರ್. "ನಾವೇ ಉದ್ದಕ್ಕೂ ಕೆಂಪು ಬಾವುಟ ನೆಟ್ಟು ಬರ್ತೀವಲ್ಲ!"

ಅವಳಿಗೆ ನಂಬಿಕೆ ಬರಲಿಲ್ಲ. ಆದರೂ ಮೂರನೆಯ ಹಾದಿಗೆ ಬಾವುಟ ನೆಡಿಸಲಿಲ್ಲ. ಉಪಗ್ರಹ ಚಿತ್ರದ ಮೇಲೆಯೇ ಗೆರೆ ಎಳೆದಳು, ಕೆರೆಯ ದಕ್ಷಿಣ ದಂಡೆಯ ಖಾಲಿ ಜಾಗದ ಮೇಲೆ. ಆ ಕಚೇರಿಯಲ್ಲಿ ಅವಳನ್ನೂ ಸರ್ವೇಯರನನ್ನೂ ಬಿಟ್ಟರೆ ಅದು ಯಾರಿಗೂ ತಿಳಿಯದು.

ಉಳಿದದ್ದು ಮನೆಯೊಳಗಿನ ಅನುಮಾನ. ಗಂಡ ಮತ್ತೆ ಕೇಳಿದಾಗ ಅವಳು ತಡವರಿಸಲಿಲ್ಲ.

"ಕೆರೆಯ ಉತ್ತರಕ್ಕೆ. ದಕ್ಷಿಣದ ಕಡೆ ಒಂದು ತಂತಿಯೂ ಬರಲ್ಲ."

"ಖಂಡಿತಾನಾ?"

"ಗೆರೆ ಎಳೆದವಳೇ ನಾನು!"

ಅವನ ಮುಖ ಅರಳಿತು. ಅದನ್ನು ನೋಡಿ ಅವಳ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಇಷ್ಟು ವರ್ಷ ಒಟ್ಟಿಗೆ ಬಾಳಿದ ಮೇಲೆ ಇದಾ? ಉತ್ತರದಲ್ಲಿ ಒಂದೇ ಒಂದು ಶೆಡ್ಡು ಎದ್ದರೆ ಸಾಕಿತ್ತು, ಕಳ್ಳ ಸಿಕ್ಕಿದಂತೆ.

ತಿಂಗಳುಗಳು ಕಳೆದವು. ಉತ್ತರದಲ್ಲಿ ಹುಲ್ಲುಕಡ್ಡಿಯೂ ಅಲುಗಲಿಲ್ಲ. ದಕ್ಷಿಣದ ಹಾದಿಗೆ ಮಂಜೂರಾತಿ ಬಂತು, ಇನ್ನು ಬದಲಿಸುವ ಮಾತಿಲ್ಲ. ಟವರ್ ಜಾಗ ಗುರುತಿಸಲು ಹೋದವರು ಸುದ್ದಿ ತಂದರು: ಲೈನಿನ ನೇರ ಕೆಳಗೆ ಮನೆಯೊಂದು ಏಳುತ್ತಿದೆ.

ಅವಳಿಗೆ ಮೊದಲು ಆದದ್ದು ಸಮಾಧಾನ. ಗಂಡ ಕಳ್ಳನಲ್ಲ. ಮರುಕ್ಷಣವೇ ಮೈ ಉರಿಯಿತು. ದಕ್ಷಿಣದ ಗುಟ್ಟು ಗೊತ್ತಿದ್ದ ಇನ್ನೊಬ್ಬ ಎದುರಿಗೇ ನಿಂತಿದ್ದ.

"ಕೈಹಿಡಿದು ಕೆಲಸ ಕಲಿಸಿದೆ. ಬೆನ್ನಿಗೆ ಚೂರಿ ಹಾಕಿದೆಯಲ್ಲೋ!"

"ನನ್ನ ಮಕ್ಕಳಾಣೆ, ನಾನಲ್ಲ ಮೇಡಂ."

"ನಾಳೆಯಿಂದ ನನಗೆ ಮುಖ ತೋರಿಸಬೇಡ."

ತೆರವಿನ ಆದೇಶ ಹಿಡಿದು ತಾನೇ ಹೊರಟಳು. ಅಲ್ಲಿದ್ದದ್ದು ತರಾತುರಿಯ ಶೆಡ್ಡಲ್ಲ, ಒಪ್ಪವಾದ ಪುಟ್ಟ ಮನೆ. ದೊಡ್ಡ ಕಿಟಕಿ ಕೆರೆಯ ಕಡೆಗಿತ್ತು. ಅಡುಗೆಮನೆಯ ಕಟ್ಟೆ ಮಾತ್ರ ಯಾಕೋ ತಗ್ಗು. ಮಣೆಯಿಲ್ಲದೆಯೇ ಅವಳ ಕೈಗೆ ಸರಿಯಾಗಿ ಸಿಕ್ಕಿತು.

"ಯಾರದ್ರೀ ಈ ಮನೆ? ಇಲ್ಲಿ ಲೈನು ಬರುತ್ತೆ ಅಂತ ಅವರಿಗೆ ಗೊತ್ತಿಲ್ವಾ?"

ಮೇಸ್ತ್ರಿ ಕರಣೆ ಒರೆಸಿಕೊಳ್ಳುತ್ತ ನಕ್ಕ. "ಬರಲ್ಲ ಬಿಡಿ ಅಮ್ಮಾ. ನಮ್ಮ ಮೇಷ್ಟ್ರು ವಿಚಾರಿಸದೆ ಪಾಯ ತೋಡಿಸೋರಲ್ಲ. ಭಾನುವಾರ ನಮ್ಮ ಅಂಗಳಕ್ಕೆ ಬಂದು ಸಿಮೆಂಟ್ ಇಟ್ಟಿಗೆ ಎಲ್ಲಾ ತಾವೇ ಅಚ್ಚು ಹಾಕಿಟ್ಟಿದ್ರು. ಆದ್ರೂ ಲೈನಿನ ವಿಷಯ ಖಾತ್ರಿ ಆಗೋವರೆಗೂ ಒಂದು ಕಲ್ಲೂ ಇಡಿಸಲಿಲ್ಲ. ಮನೆಯಮ್ಮನಿಗೆ ಕಿಟಕಿಯಲ್ಲಿ ತಂತಿ ಕಂಡ್ರೆ ಆಗಲ್ವಂತೆ. ಗೃಹಪ್ರವೇಶದ ದಿನವೇ ಕರ್ಕೊಂಡು ಬಂದು ತೋರಿಸ್ತಾರಂತೆ."

"ಖಾತ್ರಿ... ಯಾರು ಮಾಡಿದ್ದು?"

"ನಾನೂ ಅದೇ ಕೇಳ್ದೆ. 'ಗೆರೆ ಎಳೆದವಳೇ ನನ್ನ ಹೆಂಡತಿ ಕಣಯ್ಯಾ, ಅವಳು ನನಗೆ ಸುಳ್ಳು ಹೇಳ್ತಾಳಾ?' ಅಂದ್ರು."