ಐನೂರಕ್ಕೆ ಹದಿನಾಲ್ಕು ಕಡಿಮೆ

"ಈ ಹದಿನಾಲ್ಕು ಜನ ಬದುಕಿದ್ದಾರೆ ಅಂತ ಒಂದು ಹೆಬ್ಬೆಟ್ಟು ಒತ್ತಿಬಿಡಯ್ಯ," ಎಂದರು ಊರ ಯಜಮಾನರು, ಶಾಯಿಯ ಡಬ್ಬಿಯನ್ನು ಮೇಜಿನಂಚಿಗೆ ಸರಿಸುತ್ತ.

ಮೆಟ್ಟಿಲ ಕೆಳಗೆ ನಿಂತಿದ್ದ, ಸ್ಮಶಾನದಲ್ಲಿ ಗುಂಡಿ ತೆಗೆಯುವ ಮುದುಕ ಹೆಸರುಗಳನ್ನು ಕೇಳಿಸಿಕೊಂಡ. ಒಂದೊಂದಕ್ಕೂ ಅವನ ಅಂಗೈಯಲ್ಲಿ ನೆನಪಿತ್ತು: ಒಬ್ಬರಿಗೆ ಬಂಡೆ ಅಡ್ಡಬಂದಿತ್ತು, ಒಬ್ಬರಿಗೆ ಒರತೆಯ ನೀರು ತುಂಬಿತ್ತು, ಒಂದು ಎಳೆಗೂಸಿಗೆ ಎರಡು ಮೊಳವೇ ಹೆಚ್ಚಾಗಿತ್ತು. ಕೊನೆಯ ಹೆಸರು ಯಜಮಾನರ ತಾಯಿಯದು.

ಊರಲ್ಲಿ ಉಸಿರಾಡುವವರು ನಾನೂರ ಎಂಬತ್ತಾರು. ಐನೂರು ತುಂಬದ ಊರನ್ನು ಪಕ್ಕದ ಊರಿಗೆ ಸೇರಿಸುತ್ತಾರೆ; ಆಗ ಯಜಮಾನರ ಕುರ್ಚಿ ಉಳಿಯುವುದಿಲ್ಲ. ಯಾರು ಸತ್ತರು, ಯಾರು ಉಳಿದರು ಎಂಬುದಕ್ಕೆ ಗುಂಡಿ ತೆಗೆಯುವವನ ಸಾಕ್ಷಿಯಿಲ್ಲದೆ ಜನಗಣತಿಯ ಗುಮಾಸ್ತ ಪಟ್ಟಿ ಮುಚ್ಚುವಂತಿಲ್ಲ.

"ಹಳ್ಳದಾಚೆ ನಾವು ಹತ್ತೊಂಬತ್ತು ಜನ ಇದ್ದೀವಿ, ಯಜಮಾನ್ರೇ. ನಮ್ಮನ್ನ ಬರ್ಕೊಂಡ್ರೆ ಐನೂರೂ ದಾಟ್ತದೆ, ಸುಳ್ಳೂ ಬೇಕಾಗಲ್ಲ."

"ನಿಮ್ಮನ್ನ ಬರೆದ್ರೆ ನಿಮ್ಮ ಮನೆ ತನಕ ನಲ್ಲಿ ಎಳೀಬೇಕು. ನಾಳೆ ಇಲ್ಲಿ ಬಂದು ಪಕ್ಕದಲ್ಲಿ ಕೂರ್ತೀವಿ ಅಂತೀರಿ. ಸತ್ತೋರು ಏನಯ್ಯ ಕೇಳ್ತಾರೆ?"

ತುಂಬು ಬಸುರಿ ಸೊಸೆ ಕೊಡ ಹೊತ್ತು ಹಳ್ಳದ ದಿಬ್ಬವನ್ನು ಏದುಸಿರು ಬಿಡುತ್ತ ಹತ್ತುವುದು ಮುದುಕನ ಕಣ್ಣಿಗೆ ಕಟ್ಟಿತು. ಅವನು ಕೈ ಚಾಚಲಿಲ್ಲ.

ಯಜಮಾನರ ಪಕ್ಕದಲ್ಲಿ ಪಟ್ಟಿ ಹರಡಿಕೊಂಡು ಕೂತಿದ್ದ ಗುಮಾಸ್ತ ತಲೆ ಎತ್ತದೆ ಕೇಳಿದ: "ಸಾಕ್ಷಿ ಇದೇ ಊರಿನವನು ತಾನೇ? ಹೊರಗಿನವನಾದ್ರೆ ನಡೆಯಲ್ಲ."

ಯಜಮಾನರು ಗಲ್ಲ ಕೆರೆದುಕೊಂಡರು, ಆಮೇಲೆ ನಕ್ಕರು. "ಹಾಗಾದ್ರೆ ಇವನೊಬ್ಬನ್ನ ಸೇರಿಸ್ಕೊಳ್ಳಿ. ನಮ್ಮವ್ವನ ಹೆಸರು ಹೊಡೆದುಹಾಕಿ. ಪಾಪ, ಮಲಗಿರ್ಲಿ."

"ನನ್ನ ಮಗ, ಸೊಸೆ?"

"ಮೊದಲು ನೀನು ಒಳಗೆ ಬಾ. ಆಮೇಲೆ ನೋಡೋಣ."

ಆ 'ಆಮೇಲೆ'ಯನ್ನು ಅವನು ಅರವತ್ತು ವರ್ಷಗಳಿಂದ ಬಲ್ಲ. ಆದರೂ ಒಂದು ಹೆಸರು ಬಿದ್ದರೆ ಒಂದು ನಲ್ಲಿಯಾದರೂ ಬಂದೀತೆಂಬ ಆಸೆ ಅವನ ಹೆಬ್ಬೆರಳನ್ನು ಹಿಡಿದು ಒತ್ತಿಸಿತು. ಗುಮಾಸ್ತ ಕೂಡಿಸಿ ಐನೂರೆಂದು ಬರೆದು ಪಟ್ಟಿ ಮಡಚಿದ.

"ನಲ್ಲಿ ಯಾವಾಗ ಹಾಕ್ತಾರೆ, ಸ್ವಾಮಿ?"

"ನಲ್ಲಿ ಸಂಸಾರಸ್ಥರಿಗೆ. ನಿನ್ನ ಹೆಸರಿನ ಮುಂದೆ ಒಬ್ಬಂಟಿ ಅಂತಿದೆಯಲ್ಲಪ್ಪ," ಎಂದು ಗುಮಾಸ್ತ ಚಪ್ಪಲಿ ಮೆಟ್ಟಿದ.

ಹಳ್ಳದಲ್ಲಿ ಸೊಸೆ ಕೊಡ ತುಂಬಿಸುತ್ತಿದ್ದಳು. "ನಮ್ಮನ್ನ ಬರ್ಕೊಂಡ್ರಾ, ಮಾವ?"

"ನನ್ನೊಬ್ಬನ್ನ."

"ನೀವೊಬ್ಬರೇನಾ? ಮತ್ತೆ ಯಾರನ್ನೂ ಇಲ್ವಾ?"

ಮುದುಕ ಬಗ್ಗಿ ತುಂಬಿದ ಕೊಡವನ್ನು ತನ್ನ ಹೆಗಲಿಗೆ ಏರಿಸಿಕೊಂಡ.

"ಇನ್ನೂ ಹದಿಮೂರು ಜನ ಇದ್ದಾರಮ್ಮ," ಎಂದ. "ಎಲ್ಲರನ್ನೂ ನಾನೇ ಮಣ್ಣು ಮಾಡಿದ್ದು."