ಗ್ರಿಮ್‌ಷಾನ ಕೋಟು

“ತೊಟ್ಕೊಳ್ಳೋ, ಪುಣ್ಯವಂತ!” ಎಂದು ಸರ್ಜನ್ ಗ್ರಿಮ್‌ಷಾ ತನ್ನ ಕೋಟನ್ನು ಹೊಸ ವಿದ್ಯಾರ್ಥಿ ಜೋಸಯಾನತ್ತ ಎಸೆದ. ಇಪ್ಪತ್ತು ವರ್ಷ ರೋಗಿಗಳ ರಕ್ತ ಕುಡಿದು ಮರಗಟ್ಟಿದ್ದ ಅದು ಬೀಳದೆ ಆಳಿನ ಹಾಗೆ ನೆಟ್ಟಗೆ ನಿಂತುಕೊಂಡಿತು. ಲಂಡನ್ನಿನ ಅರ್ಧ ನೊಣಗಳು ಹಿಂದೆಯೇ ಬಂದವು. ಕೋಟು ಎಷ್ಟು ಕೊಳಕೋ ಡಾಕ್ಟರು ಅಷ್ಟು ದೊಡ್ಡವನು ಎಂಬುದು ಆ ಕಾಲದ ಆಸ್ಪತ್ರೆಗಳ ನಂಬಿಕೆ. ತೊಟ್ಟವನಿಗೆ ಸಹಾಯಕನ ಕೆಲಸ, ಒಲ್ಲೆನೆಂದವನಿಗೆ ಊರಿನ ದಾರಿ.

ಜೋಸಯಾ ಮೂಗು ಮುಚ್ಚಿಕೊಂಡ.

“ಅಮ್ಮ ಒಗೆದ ಅಂಗಿ ಕೊಳೆಯಾಗುತ್ತೇನೋ ಮಗುವಿಗೆ?” ಗ್ರಿಮ್‌ಷಾ ಹಂಗಿಸಿದ. ಶಸ್ತ್ರಚಿಕಿತ್ಸೆ ನೋಡಲು ಸುತ್ತ ಕೂತಿದ್ದ ಹುಡುಗರು ಹೊಟ್ಟೆ ಹಿಡಿದು ನಕ್ಕರು.

ಸತ್ತ ಇಲಿಯನ್ನು ಎತ್ತುವಂತೆ ಜೋಸಯಾ ಎರಡೇ ಬೆರಳಲ್ಲಿ ಕೋಟಿನ ತೋಳೆತ್ತಿದ. “ಒಂದೇ ಅನುಮಾನ, ಸರ್. ಇಷ್ಟೆಲ್ಲ ರಕ್ತ ಕೊಟ್ಟವರಲ್ಲಿ ಬದುಕಿರೋರು ಎಷ್ಟು ಜನ?”

ನಗು ನಿಂತಿತು. ಕಾಲು ತೆಗೆಸಿಕೊಳ್ಳಲು ಮೇಜಿನ ಮೇಲೆ ಮಲಗಿದ್ದ ಗಾಡಿಯವನೂ ಉತ್ತರ ಕೇಳಲು ತಲೆಯೆತ್ತಿದ.