ಹಲಗೆಗೂ ನೀರಿಗೂ ನಡುವೆ

ಬೇಕರಿಯವನು ತನ್ನ ಕ್ಯಾಮೆರಾವನ್ನು ಫೋಟೋ ಸಾಮಾನಿನ ಅಂಗಡಿಯ ಗಾಜಿನ ಮೇಜಿನ ಮೇಲಿಟ್ಟು, ಅದರ ಪುಟ್ಟ ಪರದೆಯಲ್ಲಿ ಎರಡು ಚಿತ್ರ ತೋರಿಸಿದ. ಒಂದರಲ್ಲಿ ಈಜುಕೊಳದ ಎತ್ತರದ ಹಲಗೆಯ ತುದಿಯಲ್ಲಿ ಅವನ ಮಗಳು ಕೈ ಮೇಲೆತ್ತಿ ನಿಂತಿದ್ದಳು. ಮುಂದಿನದರಲ್ಲಿ ಬರೀ ನೀರು ಚಿಮ್ಮಿತ್ತು. ನಡುವಿನ ಜಿಗಿತವೇ ನಾಪತ್ತೆ. ಅವಳು ಕೈ ಎತ್ತಿದಾಗಿನಿಂದ ಗುಂಡಿ ಒತ್ತಿ ಹಿಡಿದಿದ್ದರೂ, ಸ್ವಲ್ಪ ಹೊತ್ತು ಟಕಟಕ ಎನ್ನುವ ಕ್ಯಾಮೆರಾ ಸರಿಯಾಗಿ ಅವಳು ಜಿಗಿಯುವ ಹೊತ್ತಿಗೆ ಉಸಿರು ಕಟ್ಟಿದಂತೆ ನಿಂತುಬಿಡುತ್ತದೆ ಎಂದು ದೂರಿದ.

ಅಂಗಡಿಯಾಕೆ ಒಳಗಿದ್ದ ಮೆಮೊರಿ ಕಾರ್ಡನ್ನು ಹೊರತೆಗೆದು ತಿರುಗಿಸಿ ನೋಡಿ ನಕ್ಕಳು. ಅದು ಅವನ ಭಾವಮೈದುನನ ಹಳೆಯ ಫೋನಿನಿಂದ ಬಂದದ್ದು.

"ಕ್ಯಾಮೆರಾ ಚೆನ್ನಾಗೇ ಇದೆ ಸರ್, ಕಾರ್ಡು ಆಮೆ. ನೀವು ತಟ್ಟೆ ಮೇಲೆ ತಟ್ಟೆ ಒಳಗೆ ತಳ್ತಾನೇ ಇದ್ರೆ ಒಲೆ ಯಾವಾಗ ಬೇಯಿಸ್ಬೇಕು? ಹಂಗೇ ಇದು. ಕ್ಯಾಮೆರಾ ಕೊಟ್ಟಷ್ಟು ಬೇಗ ಬರ್ಕೊಳ್ಳೋಕೆ ಇದಕ್ಕೆ ಆಗಲ್ಲ."

ಒಲೆಯ ಮಾತು ಅವನಿಗೆ ತಟ್ಟನೆ ಅರ್ಥವಾಯಿತು. ದಾರಿಯಲ್ಲಿ ಫುಟ್‌ಪಾತಿನ ಮೇಲೆ ಅಗ್ಗಕ್ಕೆ ಸಿಕ್ಕ ಇನ್ನೊಂದು ಕಾರ್ಡನ್ನು ಜೇಬಿನಿಂದ ತೆಗೆದು ಹೆಮ್ಮೆಯಿಂದ ಮುಂದಿಟ್ಟ. ಅದರ ಮೇಲಿನ ಅಂಕಿ ಕಣ್ಣಿಗೆ ರಾಚುವಷ್ಟು ದಪ್ಪಗಿತ್ತು. ಆಕೆ ಬೈಯಲಿಲ್ಲ. ಇಂಥವುಗಳಲ್ಲಿ ಹೊರಗೆ ಬರೆದಷ್ಟು ಜಾಗ ಒಳಗಿರುವುದಿಲ್ಲ, ತುಂಬಿದ ಮೇಲೆ ಹಳೆಯ ಚಿತ್ರಗಳನ್ನೇ ನುಂಗಿಹಾಕುತ್ತವೆ ಎಂದಳು. ಅಸಲಿ ಕಾರ್ಡಿನಲ್ಲೂ ದಪ್ಪ ಅಂಕಿ ಸಾಮಾನ್ಯವಾಗಿ ಓದುವ, ಅಂದರೆ ಒಳಗಿನ ಚಿತ್ರ ಹೊರತೆಗೆಯುವ ವೇಗದ್ದು. ಬರೆಯುವ ವೇಗ ಬೇಕೆಂದರೆ ಇಂಗ್ಲಿಷಿನ 'ವಿ' ಅಕ್ಷರದ ಪಕ್ಕದ ಸಣ್ಣ ಅಂಕಿ ನೋಡಬೇಕೆಂದು ತನ್ನಲ್ಲಿದ್ದ ಕಾರ್ಡೊಂದರ ಮೇಲೆ ಬೆರಳಿಟ್ಟು ತೋರಿಸಿದಳು. ಆಮೇಲೆ, ದೊಡ್ಡದೊಂದನ್ನು ಕೊಳ್ಳುವ ಬದಲು ಚಿಕ್ಕವು ಎರಡು ಕೊಂಡರೆ, ಒಂದು ಕೈಕೊಟ್ಟರೂ ಇನ್ನೊಂದಿರುತ್ತದೆ ಎಂದಳು.

"ಎರಡು ಬೇಡಮ್ಮ," ಎಂದ ಬೇಕರಿಯವನು. "ಇನ್ನು ಒಂದೇ ಜಿಗಿತ ಇರೋದು."

ಹಿಂದೊಮ್ಮೆ ಮಗಳು ಲೆಕ್ಕ ತಪ್ಪಿ ಬೆನ್ನಡಿಯಾಗಿ ನೀರಿಗೆ ಬಿದ್ದಿದ್ದಳು. ಬೆನ್ನೆಲ್ಲ ನೀಲಿಗಟ್ಟಿತ್ತು. ಅಂದಿನಿಂದ ಅವಳು ಹಲಗೆ ಹತ್ತಿದಾಗಲೆಲ್ಲ ಅವನ ಹೆಂಡತಿ ಜೀವ ಬಿಗಿಹಿಡಿದು ತಲೆ ತಗ್ಗಿಸಿ ಕೂರುತ್ತಿದ್ದಳು. ಬರಲಿರುವ ಸ್ಪರ್ಧೆಯೊಂದು ಮುಗಿಯಲಿ, ಆಮೇಲೆ ಈ ಕೊಳದ ಸಹವಾಸವೇ ಬೇಡ ಎಂದು ಅವಳು ಪಟ್ಟು ಹಿಡಿದಾಗ ಮಗಳು 'ಆಯ್ತಮ್ಮ' ಎಂದಷ್ಟೇ ಹೇಳಿ ಕೋಣೆಗೆ ಹೋಗಿದ್ದಳು. ಮೊದಲಿನಿಂದಲೂ ಮಾತು ಕಡಿಮೆಯ ಹುಡುಗಿ. ಮಗಳಿಗೂ ಭಯವಿತ್ತು, ಸದ್ಯ ಬಚಾವಾದಳು ಎಂದುಕೊಂಡಿದ್ದಳು ತಾಯಿ.

ಅಂಗಡಿಯಾಕೆ ಒಳ್ಳೆಯದೊಂದು ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿ, ತಿರುಗುತ್ತಿದ್ದ ಫ್ಯಾನಿನತ್ತ ಹಿಡಿದು ಗುಂಡಿ ಒತ್ತಲು ಹೇಳಿದಳು. ಟಕಟಕ ಸದ್ದು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಬೇಕರಿಯವನ ಮುಖ ಊರಗಲವಾಯಿತು.

ಸ್ಪರ್ಧೆಯ ದಿನ ಹೆಂಡತಿ ಮೇಲಿನ ಸಾಲಿನಲ್ಲಿ ತನ್ನ ಚಪ್ಪಲಿಯನ್ನೇ ನೋಡುತ್ತ ಕುಳಿತಳು. ಅವನು ಕೆಳಗೆ ಕಂಬಿಗೆ ಒರಗಿ ನಿಂತ. ಮಗಳು ಕೈ ಎತ್ತಿದಳು. ಅವನು ಗುಂಡಿ ಒತ್ತಿದ. ಹಲಗೆ ಅದುರಿತು, ನೀರು ಚಿಮ್ಮಿತು. ಕೊಳದಿಂದ ಮಗಳ ತಲೆ ಮೇಲೆದ್ದಾಗಲೂ ಕ್ಯಾಮೆರಾ ಟಕಟಕ ಎನ್ನುತ್ತಲೇ ಇತ್ತು.

ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಅವನು ಹೆಂಡತಿಯ ಪಕ್ಕ ಕುಳಿತ. ಮುಗಿಯಿತಲ್ಲ, ಇನ್ನೇನು ನೋಡುವುದು ಎಂದು ಅವಳು ಗೊಣಗಿದರೂ ಕಣ್ಣು ಪರದೆಯತ್ತ ಹೊರಳಿತು. ಅವನು ಚಿತ್ರಗಳನ್ನು ಒಂದೊಂದಾಗಿ ಸರಿಸಿದ. ಪಾದ ಹಲಗೆ ಬಿಟ್ಟಿತು. ಮಂಡಿ ಎದೆಗೆ ಬಂತು. ಮೈ ಚೆಂಡಿನಂತೆ ಸುತ್ತಿಕೊಂಡಿತು. ಅಷ್ಟರಲ್ಲಿ ಹೆಂಡತಿಯ ಕೈ ಅವನ ಬೆರಳನ್ನು ತಡೆಯಿತು.

ಆ ಚಿತ್ರದಲ್ಲಿ ಮಗಳು ಗಾಳಿಯಲ್ಲಿ ತಲೆಕೆಳಗಾಗಿದ್ದಳು. ಮುಖ ನೇರ ಕ್ಯಾಮೆರಾದ ಕಡೆಗೇ ಇತ್ತು. ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಳು.

ಹೆಂಡತಿ ಕ್ಯಾಮೆರಾ ಕಸಿದುಕೊಂಡು ಚಿತ್ರವನ್ನು ಹಿಗ್ಗಿಸಿದಳು, ಕುಗ್ಗಿಸಿದಳು, ಮತ್ತೆ ಹಿಗ್ಗಿಸಿದಳು. "ರೀ, ಮನೇಲಿ ಇವಳು ಯಾವತ್ತಾದ್ರೂ ಹೀಗೆ ನಕ್ಕಿದ್ದಾಳಾ?"

ಅವನು ಯೋಚಿಸುತ್ತಿರುವಾಗಲೇ ಮಗಳು ಟವೆಲ್ ಹೊದ್ದು ಬಂದು ಎದುರಿಗೆ ನಿಂತಳು. ಹೋಗೋಣವೇ ಎಂದು ಕೇಳಿದಳು. ತಾಯಿ ಅವಳ ಮುಖವನ್ನೇ ಹೊಸದಾಗಿ ಕಂಡಂತೆ ನೋಡಿದಳು.

"ಕೊಳ ಮುಚ್ಚಿಬಿಟ್ರಾ?"

"ಇಲ್ಲಮ್ಮ. ಯಾಕೆ?"

"ನಿಮ್ಮ ಕೋಚ್‌ನ ಕೇಳ್ಕೊಂಡು ಇನ್ನೊಂದ್ಸಲ ಹತ್ತು. ನಾನು ಇನ್ನೂ ನೋಡೇ ಇಲ್ಲ."

ಕೋಚ್ ತಲೆಯಾಡಿಸಿದ್ದೇ ತಡ, ಮಗಳು ಟವೆಲನ್ನು ಅಪ್ಪನ ಹೆಗಲಿಗೆಸೆದು ಹೊರಟಳು. ತಾಯಿ ಕೆಳಗಿಳಿದು ಎಲ್ಲರಿಗಿಂತ ಮುಂದಿನ ಸಾಲಿನ ಒದ್ದೆ ಕುರ್ಚಿಯಲ್ಲಿ, ಒರೆಸದೆಯೇ ಕುಳಿತಳು. ಬೇಕರಿಯವನು ಕ್ಯಾಮೆರಾ ಎತ್ತಿದ, ಈ ಸಲ ಹಲಗೆಯ ಕಡೆಗಲ್ಲ. ಅವನ ಬೆನ್ನ ಹಿಂದೆ ಧಡಾರನೆ ನೀರು ಚಿಮ್ಮಿತು. ಕೊನೆಯ ಚಿತ್ರದಲ್ಲಿ ಹೆಂಡತಿಯ ಮುಖದ ತುಂಬ ನೀರಹನಿ, ಕಣ್ಣು ಮಾತ್ರ ಅಗಲವಾಗಿ ತೆರೆದೇ ಇದ್ದವು.